ಎಂಟು ತಟ್ಟೆಯ ಕ್ರಿಸ್ಮಸ್

ನಮ್ಮ ಕಾಸರಗೋಡಿನ ಶಾಲೆಗಳಲ್ಲಿ ಕ್ರಿಸ್ಮಸ್ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಮೊದಲನೆಯದು ಪರೀಕ್ಷೆ, ಎರಡನೆಯದು ರಜೆ. ಕೇರಳದ ಪದ್ಧತಿಯಂತೆ ಓಣಂ ಪರೀಕ್ಷೆಯಾದ ಮೇಲೆ ಬರುವುದು ಕ್ರಿಸ್ಮಸ್ ಪರೀಕ್ಷೆ. ಅದು ಮುಗಿದೊಡನೆ ಸುಮಾರು ಹತ್ತು ದಿನಗಳ ಮಟ್ಟಿಗೆ ಶಾಲೆಯ ಬಾಗಿಲು ಮುಚ್ಚುತ್ತದೆ. ಮಕ್ಕಳಿಗೆ ಅದು ಹಬ್ಬ; ಮುಖ್ಯೋಪಾಧ್ಯಾಯರಾದ ನಮಗೆ ಉತ್ತರಪತ್ರಿಕೆಗಳ ಕಟ್ಟು. ಆದರೆ ನಮ್ಮ ಮನೆಯಲ್ಲಿ ಈ ಶಬ್ದಕ್ಕೆ ಮೂರನೆಯ ಅರ್ಥವೊಂದು ಇಪ್ಪತ್ತೈದು ವರ್ಷಗಳಿಂದಲೂ ಇತ್ತೆಂಬುದು ನಮಗೆ ತಿಳಿದದ್ದು ಬಹಳ ತಡವಾಗಿ. ಅದು ನಮ್ಮ ಮನೆಯವರ ಆಯಾಸ.

ಪರಿಚಯವಿಲ್ಲದ ವಾಚಕರಿಗೆ ಎರಡು ಮಾತು ಹೇಳಬೇಕು. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಶನ್ನಿನವರು ಮಂಗಳೂರಿಗೆ ಬಂದಿಳಿದದ್ದು ೧೮೩೪ರಲ್ಲಿ. ೧೮೪೩ರ ‘ಮಂಗಳೂರ ಸಮಾಚಾರ’ದಿಂದ ಹಿಡಿದು ೧೮೯೪ರ ಕಿಟ್ಟೆಲ್ ನಿಘಂಟಿನವರೆಗೆ ಅವರು ಕನ್ನಡಕ್ಕೆ ಮಾಡಿದ ಸೇವೆಯನ್ನು ಬಲ್ಲವರು ಬಲ್ಲರು. ಆ ಸಭೆಗೆ ಸೇರಿದ ಮನೆತನಗಳಲ್ಲಿ ನಮ್ಮದೂ ಒಂದು. ಪ್ರಾರ್ಥನೆಯೂ ಕನ್ನಡ, ಜಗಳವೂ ಕನ್ನಡ. ನಮ್ಮ ತಂದೆಯವರು ಮಾಸ್ತರಿಕೆಗೆಂದು ಮಂಜೇಶ್ವರದ ಕಡೆಯ ಈ ಹಳ್ಳಿಗೆ ಬಂದು ನೆಲೆಸಿದರು. ೧೯೫೬ರಲ್ಲಿ ನಾಡು ವಿಭಾಗವಾಗಿ ನಾವು ಕೇರಳದವರಾದೆವು. ಮನೆ ಇದ್ದಲ್ಲಿಯೇ ಇತ್ತು, ಮಾತೂ ಇದ್ದಂತೆಯೇ ಇತ್ತು. ಕ್ರಿಸ್ಮಸ್ ಬಂತೆಂದರೆ ತಂದೆಯವರು ಗಾಳಿಮರದ ಕೊಂಬೆಯೊಂದನ್ನು ಕಡಿದು ತಂದು ಮಣ್ಣು ತುಂಬಿದ ಡಬ್ಬಿಯಲ್ಲಿ ನೆಟ್ಟು, ಬಣ್ಣದ ಕಾಗದದಿಂದ ಸಿಂಗರಿಸುತ್ತಿದ್ದರು. ಬಳಿಕ ನಲವತ್ತು ಮಂದಿಯ ಊಟ.

ನಲವತ್ತು ಎಂಬುದು ಅತಿಶಯೋಕ್ತಿಯಲ್ಲ. ತಂದೆಯವರು ಲೆಕ್ಕದ ಮನುಷ್ಯರು. ನೀಲಿ ರಟ್ಟಿನ ಪುಸ್ತಕವೊಂದರಲ್ಲಿ ವರ್ಷವರ್ಷವೂ ಅಕ್ಕಿ ಎಷ್ಟು, ಕೋಳಿ ಎಷ್ಟು, ತೆಂಗಿನಕಾಯಿ ಎಷ್ಟು ಎಂದು ಬರೆದು, ಅದರ ಕೆಳಗೆ ಊಟಕ್ಕೆ ಬಂದವರ ಹೆಸರುಗಳನ್ನು ಕ್ರಮವಾಗಿ ಬರೆದಿಡುತ್ತಿದ್ದರು. ಮೂವತ್ತೆಂಟು, ನಲವತ್ತೊಂದು, ನಲವತ್ತಮೂರು. ಅವರು ಕಾಲವಾದ ಮೇಲೆ ಪುಸ್ತಕವೂ ಊಟವೂ ನಮ್ಮ ಪಾಲಿಗೆ ಬಂದವು. ಪುಸ್ತಕವನ್ನು ನಾವು ವಹಿಸಿಕೊಂಡೆವು. ಊಟವನ್ನು ನಮ್ಮ ಮನೆಯವರು ವಹಿಸಿಕೊಂಡರು. ಈ ವಿಭಜನೆಯಲ್ಲಿ ಏನೋ ಅನ್ಯಾಯವಿದೆಯೆಂದು ನಮಗೆ ತೋರಲೇ ಇಲ್ಲ. ನಾವು ಜಗಲಿಯಲ್ಲಿ ನಿಂತು ಬಂದವರನ್ನು ಕೈಮುಗಿದು ಕರೆಯುವುದು, ಒಳಗಿನಿಂದ ಬಂದದ್ದನ್ನು “ಇನ್ನೂ ಸ್ವಲ್ಪ ಹಾಕಿಸಿಕೊಳ್ಳಿ” ಎಂದು ಉಪಚರಿಸುವುದು. ಅತಿಥಿಸತ್ಕಾರವೆಂದರೆ ಇಷ್ಟೇ ಎಂದು ತಿಳಿದಿದ್ದೆವು.

೨೦೨೦ರಲ್ಲಿ ರೋಗದ ಭೀತಿಯಿಂದಾಗಿ ಯಾರನ್ನೂ ಕರೆಯುವಂತಿರಲಿಲ್ಲ. ಆ ವರ್ಷ ನಾವು ಇಬ್ಬರು, ಮಗಳು ಮತ್ತು ನಮ್ಮ ಅಕ್ಕ, ನಾಲ್ಕೇ ಜನ ಉಂಡೆವು. ದೊಡ್ಡ ಕೊರತೆಯೆಂದು ನಾವು ಪೇಚಾಡುತ್ತಿರುವಾಗ ನಮ್ಮ ಮನೆಯವರು, “ಕೋಳಿಸಾರು ಬಿಸಿ ಇರುವಾಗ ಇಷ್ಟು ರುಚಿ ಇರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ” ಎಂದರು. ನಾವು ನಕ್ಕೆವು. ಪಾಠ ಎದುರಿಗೇ ಇತ್ತು. ಆದರೆ ಅದು ನಮ್ಮ ತಲೆಗೆ ಹೋಗಲಿಲ್ಲ. ಮರು ವರ್ಷ ಮತ್ತೆ ನಲವತ್ತು.

೨೦೨೨ರ ಕ್ರಿಸ್ಮಸ್ ಆದಿತ್ಯವಾರ ಬಂದಿತ್ತು. ಎರಡನೆಯ ಪಂಕ್ತಿ ಏಳುವ ಹೊತ್ತಿಗೆ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಬೆಕ್ಕಿರಬೇಕೆಂದು ನಾವು ಮಾತು ಮುಂದುವರಿಸಿದೆವು. ಅಕ್ಕ ಕೂಗಿದ ಮೇಲೆ ಒಳಗೆ ಹೋಗಿ ನೋಡಿದರೆ, ನಮ್ಮ ಮನೆಯವರು ಒಲೆಯ ಕೆಳಗೆ ಗೋಡೆಗೊರಗಿ ಕುಳಿತಿದ್ದರು. ಮುಖ ಬೂದಿಯ ಬಣ್ಣ. ಹಣೆಯ ಮೇಲೆ ತಣ್ಣನೆಯ ಬೆವರು. ನಮ್ಮ ಭಾಗದ ಎಲ್ಲರಂತೆ ನಾವೂ ತಲಪಾಡಿ ಗಡಿ ದಾಟಿ ಮಂಗಳೂರಿನ ಆಸ್ಪತ್ರೆಗೆ ಓಡಿದೆವು. ಕಾರಿನಲ್ಲಿ ಅವರು ನಮ್ಮ ಕೈ ಹಿಡಿದು ಕೇಳಿದ್ದು ಒಂದೇ ಮಾತು: “ಮೂರನೆಯ ಪಂಕ್ತಿಗೆ ಪಾಯಸ ಸಾಕಾಯಿತೋ?” ಹೃದಯದ ತೊಂದರೆಯೆಂದು ಆರು ದಿನ ಮಲಗಿಸಿದರು. ದೇವರು ದೊಡ್ಡವನು, ಅವರು ಮನೆಗೆ ಮರಳಿದರು. ಉಪ್ಪು ಕಡಿಮೆ, ಮಾತ್ರೆ ತಪ್ಪಿಸಕೂಡದು, ಗಂಟೆಗಟ್ಟಲೆ ಒಲೆಯ ಮುಂದೆ ನಿಲ್ಲಕೂಡದು ಎಂದು ವೈದ್ಯರ ಕಟ್ಟಪ್ಪಣೆಯಾಯಿತು.

೨೦೨೩ರಲ್ಲಿ ಹೆದರಿಕೆಯಿಂದ ಏನನ್ನೂ ಮಾಡಲಿಲ್ಲ. ದೇವಾಲಯಕ್ಕೆ ಹೋಗಿ ಬಂದು, ಅನ್ನ ತಿಳಿಸಾರು ಉಂಡು, ದೀಪ ಆರಿಸಿ ಮಲಗಿದೆವು. ಅಂದು ರಾತ್ರಿ ಕತ್ತಲಲ್ಲಿ ನಮ್ಮ ಮನೆಯವರೆಂದರು: “ನಾನು ಹಬ್ಬ ಬೇಡ ಎಂದೆನೋ? ಹಬ್ಬದಲ್ಲಿ ನಾನೂ ಇರಬೇಕು, ಅಷ್ಟೇ.”

ಈ ಮಾತು ಒಂದು ವರ್ಷವಿಡೀ ನಮ್ಮ ಬೆನ್ನು ಬಿಡಲಿಲ್ಲ. ೨೦೨೪ರ ಡಿಸೆಂಬರಿನಲ್ಲಿ ಪರೀಕ್ಷೆಯ ವೇಳಾಪಟ್ಟಿಯ ಹಾಳೆಯೊಂದು ಕೈಗೆ ಸಿಕ್ಕಿದಾಗ ಅದರ ಹಿಂಬದಿಯಲ್ಲಿ ಒಂದು ಪಾಠಯೋಜನೆಯನ್ನು ಬರೆದೆವು. ಶಿಕ್ಷಕ ತರಬೇತಿಯ ದಿನಗಳಲ್ಲಿ ಹರ್ಬಾರ್ಟನ ಐದು ಸೋಪಾನಗಳನ್ನು ಬಾಯಿಪಾಠ ಮಾಡಿದ್ದೆವಲ್ಲ. ಅದರಲ್ಲಿ ಮೊದಲನೆಯದು ಪೂರ್ವಸಿದ್ಧತೆ. ಸಿದ್ಧತೆಯಿಲ್ಲದೆ ತರಗತಿಗೆ ಹೋದ ಮಾಸ್ತರನು ನಲವತ್ತು ನಿಮಿಷ ಬೆವರುತ್ತಾನೆಂದು ನಾವು ಹೊಸಬರಿಗೆ ಹೇಳುತ್ತ ಬಂದವರು. ಆ ನಿಯಮ ಅಡುಗೆಮನೆಗೂ ಅನ್ವಯಿಸುತ್ತದೆಂಬುದು ಐವತ್ತೈದರ ವಯಸ್ಸಿನಲ್ಲಿ ಹೊಳೆಯಿತು.

ಯೋಜನೆ ಹೀಗಿತ್ತು. ತಟ್ಟೆ ಎಂಟು, ಪದಾರ್ಥ ನಾಲ್ಕು, ಕೆಲಸ ಮೂರು ದಿನಗಳಿಗೆ ಹಂಚಿಕೆ. ಊಟ ಮಧ್ಯಾಹ್ನದ ಬದಲು ಸಂಜೆ ಏಳಕ್ಕೆ. ನಡುಮನೆ ಮತ್ತು ಜಗಲಿಯನ್ನು ಮಾತ್ರ ಗುಡಿಸಿ ಒರೆಸುವುದು. ಅಟ್ಟವನ್ನು ನೋಡಲು ಯಾವ ಅತಿಥಿಯೂ ಏಣಿ ಹತ್ತುವುದಿಲ್ಲ. ಮುಖ್ಯ ಪದಾರ್ಥ ಕೋರಿರೊಟ್ಟಿ. ತುಳುನಾಡಿನ ಈ ಅಡುಗೆಯಷ್ಟು ದಯಾಪರವಾದದ್ದು ಇನ್ನೊಂದಿಲ್ಲ. ಒಣರೊಟ್ಟಿ ಅಂಗಡಿಯಲ್ಲಿ ಕಟ್ಟುಕಟ್ಟಾಗಿ ಸಿಗುತ್ತದೆ. ಸಾರು ಒಂದನ್ನು ಮಾಡಿಕೊಂಡರಾಯಿತು. ಎಂಟು ಮಂದಿಗೆ ಎರಡು ಕಿಲೋ ಕೋಳಿ ಧಾರಾಳ. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಸ್ವಲ್ಪ ಮೆಂತೆ, ಕಾಳುಮೆಣಸುಗಳನ್ನು ಹುರಿದು, ಬೆಳ್ಳುಳ್ಳಿ, ನೀರುಳ್ಳಿ, ಕಾಯಿತುರಿಯೊಡನೆ ಅರೆದಿಡುವ ಕೆಲಸ ೨೪ರ ಬೆಳಿಗ್ಗೆಯೇ ಆಗಬಹುದು. ಮರುದಿನ ಕೋಳಿ ಬೇಯಿಸಿ ಮಸಾಲೆ ಕೂಡಿಸಿ, ಕೊನೆಗೆ ಕಾಯಿಹಾಲು ಹೊಯ್ದು ಒಂದು ಸಣ್ಣ ಕುದಿ ಬರಿಸಿದರೆ ಮುಗಿಯಿತು. ಕಡಲೆಬೇಳೆ ಪಾಯಸ, ಸೌತೆಕಾಯಿಯ ಪಚ್ಚಡಿ ಇವು ಇನ್ನೆರಡು. ನಾಲ್ಕನೆಯದನ್ನು ಎರ್ನಾಕುಳದಿಂದ ಬರುವ ತಮ್ಮನ ಸಂಸಾರಕ್ಕೆ ಬಿಟ್ಟೆವು.

ಹುರಿಯುವ ಕೆಲಸವನ್ನು ನಾವೇ ವಹಿಸಿಕೊಂಡೆವು. ಮೊದಲ ಸಲ ಕೊತ್ತಂಬರಿ ಸೀದು ಕರಕಲಾಯಿತು. ನಮ್ಮ ಮನೆಯವರು ಕುರ್ಚಿಯಲ್ಲಿ ಕುಳಿತಲ್ಲಿಂದಲೇ, “ಬೆಂಕಿ ಸಣ್ಣದು ಮಾಡಿ, ಮಾಸ್ಟ್ರೇ. ಮಕ್ಕಳಿಗೆ ಅವಸರ ಬೇಡ ಅನ್ನುವವರು ನೀವೇ ಅಲ್ಲವೋ?” ಎಂದರು. ಎರಡನೆಯ ಸಲ ತೇರ್ಗಡೆಯಾದೆವು. ಪಾಯಸದ ಬೇಳೆ ಚೆನ್ನಾಗಿ ಬೇಯುವ ಮೊದಲೇ ಬೆಲ್ಲ ಹಾಕಿದರೆ ಬೇಳೆ ಮತ್ತೆ ಬೇಯುವುದಿಲ್ಲವೆಂಬ ರಹಸ್ಯವನ್ನೂ ಅಂದೇ ಕಲಿತೆವು. ನಮ್ಮಂಥ ಗಂಡಸರು ಓದುತ್ತಿದ್ದರೆ ಗುರುತು ಹಾಕಿಕೊಳ್ಳಲಿ.

ಆದರೆ ಕಷ್ಟವಿದ್ದದ್ದು ಒಲೆಯ ಮುಂದಲ್ಲ, ಅಕ್ಕನ ಮುಂದೆ. ನಮ್ಮ ಅಕ್ಕ ವಯಸ್ಸಿನಲ್ಲಿ ಎಂಟು ವರ್ಷ ಹಿರಿಯರು, ವಿಧವೆ, ಮಂಗಳೂರಿನಲ್ಲಿ ವಾಸ. ತಂದೆಯವರ ಮನೆಯ ಮಾನವನ್ನು ಕಾಯುವವರು. ಎಂಟೇ ತಟ್ಟೆಯೆಂದು ದೂರವಾಣಿಯಲ್ಲಿ ತಿಳಿಸಿದಾಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅಪ್ಪನ ಕಾಲದಲ್ಲಿ ಈ ಮನೆಯವರು ಬಾಗಿಲು ಹಾಕಿಕೊಂಡು ಉಂಡದ್ದುಂಟೋ ಮಾರಾಯ?” ಎಂದರು.

ನಮ್ಮ ಮಗಳು ದಾದಿಯಾಗಿ ಈಗ ಜರ್ಮನಿಯಲ್ಲಿದ್ದಾಳೆ. ಆ ಸೀಮೆಯ ಅನೇಕ ಮನೆಗಳಲ್ಲಿ ೨೪ರ ಸಂಜೆಯ ಊಟವೆಂದರೆ ಬಟಾಟೆಯ ಸಲಾಡ್ ಮತ್ತು ಬೇಯಿಸಿದ ಸಾಸೇಜು ಮಾತ್ರ. ಮನೆಯವರಷ್ಟೇ ಕುಳಿತು, ಹಾಡಿ, ಉಣ್ಣುತ್ತಾರೆ. ಅವಳ ಮನೆಯೊಡತಿಯೂ ಅದನ್ನೇ ಬಡಿಸಿದ್ದಳಂತೆ. ಇದನ್ನು ಅಕ್ಕನಿಗೆ ಹೇಳಿ, “ನಮಗೆ ಕ್ರಿಸ್ಮಸ್ ಮರ ತೋರಿಸಿಕೊಟ್ಟವರೇ ಬಟಾಟೆ ತಿಂದು ಹಬ್ಬ ಮಾಡುತ್ತಾರಂತೆ” ಎಂದು ವಾದಿಸಿದೆವು. ಅಕ್ಕ ಸೋಲುವವರಲ್ಲ. “ಅವರು ಏನು ಬೇಕಾದರೂ ತಿನ್ನಲಿ. ಛತ್ರದಲ್ಲಿ ಸ್ಥಳವಿಲ್ಲ ಅಂದವರ ಕಥೆಯನ್ನು ಊಟಕ್ಕೆ ಮುಂಚೆ ಓದುವವರು ನಾವು. ಓದಿ ಮುಗಿಸಿ ನಾವೂ ಸ್ಥಳವಿಲ್ಲ ಅನ್ನುವುದೋ?” ಎಂದು ಕೇಳಿ ಮಾತು ನಿಲ್ಲಿಸಿಬಿಟ್ಟರು.

ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಎರಡು ದಿನ ಉತ್ತರಪತ್ರಿಕೆ ತಿದ್ದುವಾಗಲೂ ಅದೇ ಯೋಚನೆ. ಅಕ್ಕನ ಮಾತಿನಲ್ಲಿ ಸತ್ಯವಿರಲಿಲ್ಲವೆಂದು ಹೇಳಲಾರೆವು. ಗಡಿನಾಡಿನಲ್ಲಿ ಚದರಿಹೋದ ನಮ್ಮ ಜನ ವರ್ಷಕ್ಕೊಮ್ಮೆ ಒಟ್ಟಾಗುತ್ತಿದ್ದದ್ದು ಆ ಪಂಕ್ತಿಯಲ್ಲಿಯೇ. ಮೂರನೆಯ ರಾತ್ರಿ ತಂದೆಯವರ ನೀಲಿ ಪುಸ್ತಕವನ್ನು ತೆರೆದು ಹಳೆಯ ಪುಟಗಳನ್ನು ಓದುತ್ತ ಹೋದೆವು. ದೂರದ ನೆಂಟರ ಹೆಸರು, ಅಂಚೆಯವನ ಹೆಸರು, ಒಂದು ವರ್ಷ ಮಳಿಗೆಯ ಲೆಕ್ಕ ಕೇಳಲು ಬಂದು ಉಂಡು ಹೋದವನ ಹೆಸರೂ ಇತ್ತು. ನಮ್ಮ ತಾಯಿಯವರ ಹೆಸರು ಯಾವ ವರ್ಷವೂ ಇರಲಿಲ್ಲ. ನಾವು ಬರೆದ ಪುಟಗಳಲ್ಲಿ ನಮ್ಮ ಮನೆಯವರ ಹೆಸರೂ ಇರಲಿಲ್ಲ. ಮೂವತ್ತು ವರ್ಷ ದಿನವೂ ಹಾಜರಿ ಕೂಗಿದವರು ನಾವು. ಸ್ವಂತ ಮನೆಯ ಹಾಜರಿಯಲ್ಲಿ ಒಂದು ಹೆಸರು ಬಿಟ್ಟುಹೋದದ್ದು ಕಾಣಲಿಲ್ಲ. ಛತ್ರದಲ್ಲಿ ಸ್ಥಳವಿಲ್ಲದೆ ಇದ್ದದ್ದು ಯಾರಿಗೆ ಎಂದು ಆಗ ತಿಳಿಯಿತು.

ಪುಟಗಳನ್ನು ನೋಡಿ ಇದಿಷ್ಟನ್ನೂ ಅಕ್ಕನಿಗೆ ಪತ್ರ ಬರೆದೆವು. ಪತ್ರದ ಕೊನೆಗೆ ಇನ್ನೊಂದು ಸಂಗತಿಯನ್ನೂ ಸೇರಿಸಿದೆವು. ಸಭೆಯ ಪಂಚಾಂಗದಂತೆ ಕ್ರಿಸ್ಮಸ್ ಕಾಲವು ಹನ್ನೆರಡು ದಿನಗಳದ್ದು. ಜೋಯಿಸರು ಬಂದ ನೆನಪಿನ ಜನವರಿ ೬ರ ಹಬ್ಬಕ್ಕೆ ಅದು ಮುಗಿಯುತ್ತದೆ. ಹನ್ನೆರಡು ದಿನದ ಹಬ್ಬವನ್ನು ಒಂದೇ ಮಧ್ಯಾಹ್ನದೊಳಗೆ ತುರುಕಿದವರು ನಾವೇ. ಆದ್ದರಿಂದ ಉಳಿದವರಿಗೆ ಸ್ಥಳವಿಲ್ಲವೆನ್ನದೆ, ದಿನ ಬೇರೆ ಎನ್ನುತ್ತೇವೆ. ನಾಲ್ಕಾರು ಮಂದಿಯಂತೆ ಸಂಜೆಯ ಚಹಾಕ್ಕೆ ಕರೆಯುತ್ತೇವೆ ಎಂದು ಬರೆದೆವು. ಪತ್ರಕ್ಕೆ ಉತ್ತರ ಬರಲಿಲ್ಲ. ೨೫ರಂದು ಮಂಗಳೂರಿನಲ್ಲಿ ಬೆಳಗಿನ ಆರಾಧನೆ ಮುಗಿಸಿ ಹೊರಗೆ ಬಂದಾಗ, ಅಕ್ಕ ಚೀಲ ಹಿಡಿದು ನಮ್ಮ ಕಾರಿನ ಬಳಿ ನಿಂತಿದ್ದರು.

ಆ ಮಧ್ಯಾಹ್ನ ನಮ್ಮ ಮನೆಯವರು ಒಂದೂವರೆ ಗಂಟೆ ಮಲಗಿ ನಿದ್ರಿಸಿದರು. ಮದುವೆಯಾದ ಮೇಲೆ ಕ್ರಿಸ್ಮಸ್ ದಿನ ಅವರು ಹಗಲು ಮಲಗಿದ್ದು ಅದೇ ಮೊದಲು.

ಸಂಜೆ ಎಂಟು ಜನ ಸೇರಿದೆವು. ನಾವು ಇಬ್ಬರು, ಅಕ್ಕ, ತಮ್ಮ, ತಮ್ಮನ ಹೆಂಡತಿ, ಅವರ ಒಂಬತ್ತು ವರ್ಷದ ಮಗ. ನಮ್ಮ ಶಾಲೆಯಿಂದ ನಿವೃತ್ತರಾದ ಸಂಸ್ಕೃತ ಪಂಡಿತರು. ಮತ್ತು ಶಾಲೆಯ ಮಧ್ಯಾಹ್ನದೂಟದ ಅಡುಗೆಯಾಕೆ. ಆಕೆ ದಿನವೂ ನೂರಕ್ಕೂ ಹೆಚ್ಚು ಮಕ್ಕಳಿಗೆ ಬಡಿಸುವವರು, ಮನೆಯಲ್ಲಿ ಒಂಟಿ. ಕರೆಯಲು ಹೋದಾಗ, “ಎಷ್ಟು ಗಂಟೆಗೆ ಬರಬೇಕು, ಪಾತ್ರೆ ತೊಳೆಯಲಿಕ್ಕೆ ಉಂಟೋ?” ಎಂದು ಕೇಳಿದ್ದರು. ಅತಿಥಿಯಾಗಿ ಬರಬೇಕೆಂದು ಎರಡು ಬಾರಿ ಹೇಳಬೇಕಾಯಿತು. ಪಂಡಿತರು ಹಿಂದೆಲ್ಲ ಬಂದರೆ ಎಳನೀರು ಕುಡಿದು ಹೊರಡುತ್ತಿದ್ದವರು. ಈ ಸಲ ಅವರ ಪಾಲಿಗೂ ಊಟವಿತ್ತು. ತಮ್ಮನ ಹೆಂಡತಿ ಮಲಯಾಳದ ಸುರಿಯಾನಿ ಕ್ರೈಸ್ತರ ಮನೆಯ ಹೆಣ್ಣು. ಅವರಲ್ಲಿ ಡಿಸೆಂಬರ್ ೧ರಿಂದ ಇಪ್ಪತ್ತೈದು ದಿನ ನೋಂಬು ಹಿಡಿದು, ಮಾಂಸ ಬಿಟ್ಟು, ಕ್ರಿಸ್ಮಸ್ಸಿಗೆ ಮುರಿಯುವ ಪದ್ಧತಿ. ಆಕೆ ಅಪ್ಪದ ಹಿಟ್ಟು ಕಲಸಿ, ತರಕಾರಿಯನ್ನು ಕಾಯಿಹಾಲಿನಲ್ಲಿ ಬೇಯಿಸಿ ‘ಇಷ್ಟು’ ಎಂಬ ವ್ಯಂಜನವನ್ನು ಮಾಡಿದ್ದಳು. “ಇದರ ಹೆಸರೇನು?” ಎಂದು ಪಂಡಿತರು ಕೇಳಿದರು. “ಇಷ್ಟು” ಎಂದಳು. “ಇಷ್ಟು ಸಾಕಮ್ಮ, ಹೆಸರು ಹೇಳು” ಎಂದರು. ಸಂಗತಿ ಅರ್ಥವಾದ ಮೇಲೆ ಎಲ್ಲರಿಗಿಂತ ಹೆಚ್ಚು ನಕ್ಕವರು ಅವರೇ.

ಊಟಕ್ಕೆ ಮುಂಚೆ ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯವನ್ನು ಓದುವುದು ತಂದೆಯವರಿಂದ ಬಂದ ಕ್ರಮ. ನಲವತ್ತು ಮಂದಿಯ ಗದ್ದಲದಲ್ಲಿ ಅದನ್ನು ನಾವು ಎರಡು ನಿಮಿಷಗಳಲ್ಲಿ ಓಡಿಸಿಬಿಡುತ್ತಿದ್ದೆವು. ಈ ಸಲ ಹುಡುಗ ಓದಲಿ ಎಂದರು ನಮ್ಮ ಮನೆಯವರು. ಹುಡುಗನಿಗೆ ಕನ್ನಡದ ಮಾತು ಅಲ್ಪಸ್ವಲ್ಪ ತಿಳಿಯುತ್ತದೆ, ಅಕ್ಷರ ಬಾರದು. ಎರ್ನಾಕುಳದಲ್ಲಿ ಅವನಿಗೆ ಕನ್ನಡ ಕಲಿಸುವವರು ಯಾರು? ಆದರೆ ನಮ್ಮ ಮನೆಯವರು ಹಿಂದಿನ ದಿನವೇ ಆ ವಚನಗಳನ್ನು ಹಾಳೆಯೊಂದರಲ್ಲಿ ಮಲಯಾಳ ಲಿಪಿಯಲ್ಲಿ ಬರೆದಿಟ್ಟಿದ್ದರು. ಮಾತು ಕನ್ನಡ, ಅಕ್ಷರ ಮಲಯಾಳ. ಅದನ್ನು ನೋಡಿ ನಮ್ಮ ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ಜೀವಮಾನವಿಡೀ ಈ ಗಡಿಯಲ್ಲಿ ಕನ್ನಡದ ಕಾಗುಣಿತ ಕಲಿಸಿದ ಮಾಸ್ತರನ ಮನೆಯಲ್ಲಿಯೇ ಹೀಗಾಯಿತಲ್ಲ ಎಂದು. ಅಕ್ಕ ಬಾಯಿ ತೆರೆದವರು ನಮ್ಮ ಮುಖ ನೋಡಿ ಸುಮ್ಮನಾದರು.

ಹುಡುಗ ಬೆರಳಿಟ್ಟು ನಿಧಾನವಾಗಿ ಓದಿದ. ಅವಸರ ಮಾಡುವವರು ಯಾರೂ ಇರಲಿಲ್ಲ. ‘ಗೋದಲಿ’ ಎಂಬಲ್ಲಿಗೆ ಬಂದು ನಿಂತು, “ದೊಡ್ಡಪ್ಪ, ಗೋದಲಿ ಅಂದರೇನು?” ಎಂದ. ನಾವು ಪದದ ವ್ಯುತ್ಪತ್ತಿಗೆ ಹೊರಡುವುದರೊಳಗೆ ಅಡುಗೆಯಾಕೆ, “ಹಟ್ಟಿಯಲ್ಲಿ ದನಕ್ಕೆ ಹುಲ್ಲು ಹಾಕುವುದಿಲ್ಲವೋ ಮಗ, ಅದು” ಎಂದರು. ಹುಡುಗ ಯೋಚಿಸಿ, “ಹಾಗಾದರೆ ಅದು ದನದ ಊಟದ ತಟ್ಟೆ” ಎಂದ. ಪಂಡಿತರು ತಲೆದೂಗಿದರು. ನಲವತ್ತು ಮಂದಿಯ ಮುಂದೆ ಓದಿದ ಯಾವ ವರ್ಷವೂ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕೇಳಲು ಹೊತ್ತೂ ಇರಲಿಲ್ಲ.

ಬಳಿಕ ಊಟ. ಪಾತ್ರೆಗಳೆಲ್ಲ ಮೇಜಿನ ಮೇಲೆಯೇ ಇದ್ದುದರಿಂದ ಬಡಿಸಲು ಯಾರೂ ಏಳಬೇಕಾಗಿರಲಿಲ್ಲ. ಅಡುಗೆಯಾಕೆ ಮಾತ್ರ ಎರಡು ಸಲ ಸೌಟಿಗೆ ಕೈ ಹಾಕಿದರು. ಎರಡು ಸಲವೂ ನಮ್ಮ ಮನೆಯವರು ಕೈ ಹಿಡಿದು ಕುಳ್ಳಿರಿಸಿದರು. ರೊಟ್ಟಿಯ ಮೇಲೆ ಸಾರು ಬಿದ್ದಾಗ ಆಗುವ ಸಣ್ಣ ಸದ್ದು ನಮಗೆ ಅಂದು ಕೇಳಿಸಿತು. ಮನೆಯವರಿಗೆಂದು ಉಪ್ಪು ಹಾಕುವ ಮೊದಲೇ ಸ್ವಲ್ಪ ಸಾರನ್ನು ಬೇರೆ ತೆಗೆದಿಟ್ಟಿದ್ದೆವು. ಪಾಯಸಕ್ಕೆ ಬೆಲ್ಲ ತುಸು ಕಡಿಮೆಯಾಗಿತ್ತು. ಅದು ನಮ್ಮ ತಪ್ಪು. ಯಾರೂ ಹೇಳಲಿಲ್ಲ, ಅಕ್ಕನ ಹೊರತು.

ಪಾತ್ರೆ ತೊಳೆಯುವ ಪಾಳಿ ನಮ್ಮದೂ ತಮ್ಮನದೂ ಆಗಿತ್ತು. ಹಿತ್ತಲಲ್ಲಿ ತೊಳೆಯುತ್ತಿರುವಾಗ ಅಕ್ಕ ಬಂದು ಬಟ್ಟೆ ಹಿಡಿದು ಒರೆಸತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ ನಮ್ಮ ಕಡೆಗೆ ನೋಡದೆಯೇ, “ಅಮ್ಮ ಕ್ರಿಸ್ಮಸ್ ದಿನ ಉಣ್ಣುತ್ತಿದ್ದದ್ದು ಎಷ್ಟು ಹೊತ್ತಿಗೆ, ನಿನಗೆ ನೆನಪುಂಟೋ?” ಎಂದು ಕೇಳಿದರು. ನಮಗೆ ನೆನಪಿರಲಿಲ್ಲ. “ನನಗೂ ಇಲ್ಲ” ಎಂದರು. ಮತ್ತೆ ಆ ವಿಷಯ ಬರಲಿಲ್ಲ. ಆದರೂ ಹೊರಡುವ ಮುನ್ನ, “ಬರುವ ವರ್ಷ ಹತ್ತು ತಟ್ಟೆ ಮಾಡಬಹುದು” ಎಂದರು. “ಎಂಟೇ ಸಾಕು ಅತ್ತಿಗೆ” ಎಂದರು ನಮ್ಮ ಮನೆಯವರು. ಈ ವ್ಯಾಜ್ಯ ಇನ್ನೂ ತೀರ್ಮಾನವಾಗಿಲ್ಲ.

ಜನವರಿ ೬ರೊಳಗೆ ಮಾತು ಕೊಟ್ಟಂತೆ ಉಳಿದ ನೆಂಟರೆಲ್ಲರೂ ಆರು ಸಂಜೆಗಳಲ್ಲಿ ಬಂದುಹೋದರು. ನೆರೆಯ ಕೊಂಕಣಿ ಕ್ರೈಸ್ತರು ಕಳುಹಿಸಿದ ಕುಸ್ವಾರಿನ ತಟ್ಟೆ, ಅಂಗಡಿಯಿಂದ ತಂದ ಕೇಕು, ಚಹಾ; ಹೆಚ್ಚಿನದೇನೂ ಇಲ್ಲ. ಹಿಂದೆ ಪಂಕ್ತಿಯಲ್ಲಿ ಮುಖ ಕಂಡು ನಕ್ಕು ಮುಂದೆ ಹೋಗುತ್ತಿದ್ದವರು ಈ ಸಲ ಕುಳಿತು ಮನೆಯ ಸುಖದುಃಖ ಹೇಳಿಕೊಂಡರು. ಒಬ್ಬರಿಬ್ಬರು ಮುನಿದುಕೊಂಡದ್ದೂ ಉಂಟು. ಅವರನ್ನು ಇನ್ನೊಮ್ಮೆ ಹೋಗಿ ಕಾಣಬೇಕಾಯಿತು. ಎಲ್ಲರನ್ನೂ ಮೆಚ್ಚಿಸುವ ಯೋಜನೆ ಯಾವ ತರಬೇತಿಯಲ್ಲಿಯೂ ನಮಗೆ ಕಲಿಸಿಲ್ಲ.

ಆ ರಾತ್ರಿ ನೀಲಿ ಪುಸ್ತಕದಲ್ಲಿ ೨೦೨೪ ಎಂದು ಬರೆದು, ಮೊದಲನೆಯ ಹೆಸರಾಗಿ ನಮ್ಮ ಮನೆಯವರ ಹೆಸರನ್ನು ಬರೆದೆವು. ಏಳು ಹೆಸರು ಮುಗಿಯುವಾಗ ಹುಡುಗ ಪಕ್ಕಕ್ಕೆ ಬಂದು ತನ್ನ ಹೆಸರನ್ನು ತಾನೇ ಕನ್ನಡದಲ್ಲಿ ಬರೆಯುತ್ತೇನೆಂದು ಹಟ ಹಿಡಿದ. ಹಾಳೆಯೊಂದರಲ್ಲಿ ಬರೆದು ತೋರಿಸಿದೆವು. ನೋಡಿ ನೋಡಿ ಬರೆದ. ಒಂದು ಕೊಂಬು ತಿರುವುಮುರುವಾಗಿದೆ, ಒಂದು ಒತ್ತಕ್ಷರ ಪಕ್ಕದ ಸಾಲಿಗೆ ಇಳಿದಿದೆ. ಕೆಂಪು ಮಸಿಯ ಲೇಖನಿ ನಮ್ಮ ಜೇಬಿನಲ್ಲಿಯೇ ಇತ್ತು. ನಾವು ಅದನ್ನು ತೆಗೆಯಲಿಲ್ಲ.